ಮೊಳಕ್ಕೊಂದು ಅಂಗುಲ

ಚಿತ್ರದುರ್ಗದ ಆಚೆ, ಹೆದ್ದಾರಿಯಿಂದ ಒಂದಿಷ್ಟು ಒಳಗೆ, ಗುಜರಿ ಅಂಗಳವೊಂದಿದೆ. ಹಳೆಯ ಟಾಟಾ 1210 ಲಾರಿಯೊಂದು ಅಲ್ಲಿಗೆ ಬಂದು ಬಿದ್ದಿದೆ ಎಂದು ಗೊತ್ತಾದ ದಿನವೇ ಟೇಪು, ನೋಟ್‌ಬುಕ್ಕು, ಎರಡು ಪೆನ್ಸಿಲ್ಲು ಹಿಡಿದು ಹೊರಟೆ. ನಾನು ಹೋಗುವಷ್ಟರಲ್ಲಿ ಇಂಜಿನ್ನು, ಗೇರ್‌ಬಾಕ್ಸು ಮಾರಿಹೋಗಿದ್ದವು. ಟೈರುಗಳಿಲ್ಲದ ಚಾಸಿಯನ್ನು ಸೈಜುಗಲ್ಲಿನ ಮೇಲೆ ಕೂರಿಸಿದ್ದರು. ಕ್ಯಾಬಿನ್ನು ಮಾತ್ರ ಇದ್ದ ಹಾಗೇ ಇತ್ತು. ಮರದ ಚೌಕಟ್ಟು, ಅದಕ್ಕೆ ಮೊಳೆ ಹೊಡೆದು ಬಿಗಿದ ತಗಡು, ಮುಂದಿನ ಗಾಜಿನ ಮೇಲೆ ತಗಡಿನಲ್ಲೇ ಕತ್ತರಿಸಿ ಮಾಡಿದ ಬಳ್ಳಿ, ಬಾಗಿಲಿಗೊಂದರಂತೆ ನವಿಲು. ಬಣ್ಣ ಪದರ ಪದರವಾಗಿ ಎದ್ದು, ನವಿಲಿನ ಅಡಿಯಿಂದ ಅದಕ್ಕಿಂತ ಹಳೆಯ ತಾವರೆಯೊಂದು ಇಣುಕುತ್ತಿತ್ತು. ಮರುದಿನ ಬೆಳಿಗ್ಗೆ ಗ್ಯಾಸ್ ಕಟರ್‌ನವರು ಬರುವವರಿದ್ದರು. ಕತ್ತಲಾಗುವವರೆಗೂ ಅಳೆದೆ. ಬಾಗಿಲಿನ ಎತ್ತರ, ಮೆಟ್ಟಿಲಿನ ಆಳ, ಹಲಗೆ ಹಲಗೆಯ ನಡುವಿನ ಸಂದು, ಒಂದು ಮೊಳೆಯಿಂದ ಇನ್ನೊಂದು ಮೊಳೆಗಿರುವ ದೂರ. ನೋಟ್‌ಬುಕ್ಕಿನ ಹನ್ನೊಂದು ಪುಟ ತುಂಬಿತು.

ಮನೆಗೆ ಬಂದು ಆ ಅಂಕಿಗಳನ್ನೆಲ್ಲ 24ರಿಂದ ಭಾಗಿಸಿದೆ. ಸ್ಕೇಲ್ ಮಾಡೆಲ್ ಎಂಬ ಹವ್ಯಾಸದ ಮೊದಲ ಕೆಲಸ ಈ ಭಾಗಾಕಾರವೇ.

1:24 ಎಂದರೆ ನಿಜವಾದ ಬಂಡಿಯ 24 ಪಾಲಿನಲ್ಲಿ ಒಂದು ಪಾಲು. ಉದ್ದ, ಅಗಲ, ಎತ್ತರ, ಬಾಗಿಲ ಹಿಡಿ, ಕನ್ನಡಿ, ಬೋಲ್ಟಿನ ತಲೆ, ಎಲ್ಲವೂ ಅದೇ ಲೆಕ್ಕದಲ್ಲಿ ಇಳಿಯಬೇಕು. ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ನ್ಯಾಯ ಆಗಕೂಡದು. ಆಟಿಕೆಗೂ ಮಾಡೆಲ್ಲಿಗೂ ಇರುವ ವ್ಯತ್ಯಾಸ ಇಷ್ಟೇ. ಆಟಿಕೆಯ ಚಕ್ರ ದಪ್ಪವಿದ್ದರೆ ಮಗುವಿಗೆ ಓಡಿಸಲು ಅನುಕೂಲ, ಅದು ತಪ್ಪಲ್ಲ. ಮಾಡೆಲ್ಲಿನ ಚಕ್ರ ದಪ್ಪವಿದ್ದರೆ ಅದು ಸುಳ್ಳು ಹೇಳಿದಂತೆ. ಅಡಿ, ಇಂಚಿನಲ್ಲಿ ಯೋಚಿಸುವವರಿಗೆ ಈ ಅಳತೆ ಬಲು ಸಲೀಸು: ಅಡಿಗೆ ಅರ್ಧ ಇಂಚು. ಎಂಟು ಅಡಿ ಅಗಲದ ಲಾರಿ ನಾಲ್ಕು ಇಂಚಾಗುತ್ತದೆ. ಡ್ರೈವರುಗಳು ‘17 ಅಡಿ ಲಾರಿ’ ಎಂದು ಕರೆಯುವುದರ ಹಿಂಬದಿಯ ಡೆಕ್ಕು ಎಂಟೂವರೆ ಇಂಚಿಗೆ ಬಂದು ನಿಲ್ಲುತ್ತದೆ.

ಆದರೆ ನನಗೆ 1:24ರ ಮೇಲೆ ಪ್ರೀತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಇಂಗ್ಲಿಷರ ಅಡಿ ಇಲ್ಲಿಗೆ ಬರುವ ಎಷ್ಟೋ ಕಾಲ ಮೊದಲೇ ನಮ್ಮ ಶಿಲ್ಪಿಗಳ, ಬಡಗಿಗಳ ಲೆಕ್ಕದಲ್ಲಿ 24 ಅಂಗುಲ ಸೇರಿದರೆ ಒಂದು ಹಸ್ತ, ಅಂದರೆ ಒಂದು ಮೊಳ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೇ ಲೆಕ್ಕ ಇದೆ. ಹಾಗಾಗಿ 1:24ನ್ನು ಕನ್ನಡದಲ್ಲಿ ಹೇಳಬೇಕೆಂದರೆ ಮೊಳಕ್ಕೊಂದು ಅಂಗುಲ. ಮಾರುಕಟ್ಟೆಯಲ್ಲಿ ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡುವ ಮಲ್ಲಿಗೆ ದಂಡೆ, ಈ ಲೆಕ್ಕದಲ್ಲಿ ಅವಳ ಬೆರಳಿನ ಅಗಲಕ್ಕೆ ಇಳಿಯುತ್ತದೆ. ಇದನ್ನು ಕಂಡುಕೊಂಡ ದಿನ ನನಗೆ ಆದ ಸಂತೋಷ ಹೇಳತೀರದು. ಹೊರಗಿನಿಂದ ಬಂದ ಹವ್ಯಾಸ ಎಂದುಕೊಂಡಿದ್ದರ ಅಳತೆಗೋಲು ನಮ್ಮ ಕೈಯಲ್ಲೇ ಇತ್ತು.

ಉಳಿದ ಅಳತೆಗಳಿಗೂ ಒಂದೊಂದು ಹುಟ್ಟಿನ ಕಥೆ ಇದೆ. ಅವು ಹೆಚ್ಚಾಗಿ ಆಟಿಕೆ ರೈಲಿನಿಂದ ಬಂದವು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ‘ಮೆಕಾನೊ’ ಕಂಪನಿಯಲ್ಲಿ ಓ ಗೇಜ್ ಎಂಬ ಅಳತೆಯ ರೈಲುಗಳನ್ನು ಮಾಡುತ್ತಿದ್ದ. ಅವುಗಳ ಲೆಕ್ಕ ಅಡಿಗೆ 7 ಮಿಲಿಮೀಟರ್. ರೈಲು ಹಳಿಯ ಪಕ್ಕದ ರಸ್ತೆಯಲ್ಲಿ ಕಾರು, ಲಾರಿ ಇದ್ದರೆ ಚೆನ್ನ ಎಂದು 1933ರ ಕೊನೆಗೆ ಪುಟ್ಟ ಲೋಹದ ವಾಹನಗಳನ್ನು ಹೊರತಂದರು. 1934ರಲ್ಲಿ ಅವಕ್ಕೆ ‘ಡಿಂಕಿ ಟಾಯ್ಸ್’ ಎಂಬ ಹೆಸರು ಬಿತ್ತು. ಒಂದು ಅಡಿಯನ್ನು 7 ಮಿಲಿಮೀಟರಿನಿಂದ ಭಾಗಿಸಿದರೆ ನಲವತ್ಮೂರೂವರೆ ಬರುತ್ತದೆ. ಇವತ್ತು ಜಗತ್ತಿನ ಸಂಗ್ರಾಹಕರು ಬೆಲೆ ಕೊಡುವ 1:43 ಹುಟ್ಟಿದ್ದು ಹೀಗೆ. ಅದರ ಅರ್ಧ 1:87, ಅದೂ ರೈಲಿನದೇ. ಜರ್ಮನಿಯ ವೈಕಿಂಗ್, ಹೆರ್ಪಾ ಕಂಪನಿಗಳ ಲಾರಿಗಳು ಈ ಅಳತೆಯವು. ಅಂಗೈಯಲ್ಲಿ ಅಡಗುವ 1:64 ಕೂಡ ಎಸ್ ಗೇಜ್ ರೈಲಿನ ಲೆಕ್ಕ. ಕಟ್ಟಡ ಕೆಲಸದ ಯಂತ್ರಗಳಿಗೆ, ಕ್ರೇನುಗಳಿಗೆ 1:50.

ಲಂಡನ್ನಿನ ‘ಲೆಸ್ನಿ’ ಕಂಪನಿಯ ಕಥೆ ಇನ್ನೂ ಹತ್ತಿರದ್ದು ಅನ್ನಿಸುತ್ತದೆ. 1947ರಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬ ಇಬ್ಬರು ಶುರು ಮಾಡಿದ ಕಂಪನಿ ಅದು, ಇಬ್ಬರೂ ಸಂಬಂಧಿಕರಲ್ಲ. ಅವರ ಜೊತೆಗೆ ಸೇರಿದ ಜ್ಯಾಕ್ ಓಡೆಲ್ ಅಚ್ಚು ಮಾಡುವುದರಲ್ಲಿ ಎತ್ತಿದ ಕೈ. ಅವನ ಮಗಳ ಶಾಲೆಗೆ ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆಗೆ ಮಾತ್ರ ಅನುಮತಿ ಇತ್ತೆಂದೂ, ಅದಕ್ಕೇ ಅವನು ಹಿತ್ತಾಳೆಯಲ್ಲಿ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟನೆಂದೂ ಹೇಳುತ್ತಾರೆ. 1953ರಲ್ಲಿ ಬಂದ ‘ಮ್ಯಾಚ್‌ಬಾಕ್ಸ್’ ಸರಣಿಯ ಮೊದಲ ನಂಬರು ರೋಡ್ ರೋಲರೇ. ಇಲ್ಲಿ ಅಳತೆಯ ನಿಯಮ ಉಲ್ಟಾ ಆಯಿತು: ಪೆಟ್ಟಿಗೆ ಒಂದೇ ಅಳತೆ, ವಾಹನ ಎಷ್ಟು ದೊಡ್ಡದಾದರೂ ಅದರೊಳಗೆ ಹಿಡಿಸಬೇಕು. ಹಾಗಾಗಿ ಹಳೆಯ ಮ್ಯಾಚ್‌ಬಾಕ್ಸ್ ಬಸ್ಸು ಮತ್ತು ಕಾರು ಅಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಒಂದೇ ಉದ್ದ.

ಇದನ್ನು ಓದುವಾಗೆಲ್ಲ ನನಗೆ ನಮ್ಮೂರಿನ ಬೆಂಕಿಪೊಟ್ಟಣದ ಲಾರಿ ಕಣ್ಣಿಗೆ ಬರುತ್ತದೆ. ಖಾಲಿ ಪೊಟ್ಟಣ ಒಂದು ಅಡ್ಡಕ್ಕೆ ಮಲಗಿದರೆ ಡೆಕ್ಕು, ಇನ್ನೊಂದು ನೆಟ್ಟಗೆ ನಿಂತರೆ ಕ್ಯಾಬಿನ್ನು. ಪೊರಕೆ ಕಡ್ಡಿಯ ಅಚ್ಚು, ಹರಿದ ಹವಾಯಿ ಚಪ್ಪಲಿಯನ್ನು ಬ್ಲೇಡಿನಲ್ಲಿ ಕೊರೆದ ಚಕ್ರ. ಅಲ್ಲಿ ಪೊಟ್ಟಣದೊಳಗೆ ಲಾರಿ ಹೋಯಿತು, ಇಲ್ಲಿ ಪೊಟ್ಟಣವೇ ಲಾರಿಯಾಯಿತು. ಒಳಗಿನ ಖಾನೆಯನ್ನು ಹಿಂದಕ್ಕೆ ಎಳೆದರೆ ಮರಳು ಸುರಿಯುವ ಟಿಪ್ಪರ್ ಕೂಡ ಆಗುತ್ತಿತ್ತು. ಕರ್ನಾಟಕದ ಯಾವ ಹಳ್ಳಿಯಲ್ಲಿ ಬೆಳೆದವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯಲ್ಲಿ ಸಿಗುವ ಲೋಹದ ಕಾರಿಗೆ ಡೈಕಾಸ್ಟ್ ಎನ್ನುತ್ತಾರೆ. ಅದು ಆಗುವ ಬಗೆ ತಿಳಿದರೆ ಮೇಜಿನ ಮೇಲಿನ ಪುಟ್ಟ ಕಾರನ್ನು ನೋಡುವ ಕಣ್ಣೇ ಬದಲಾಗುತ್ತದೆ. ಸತುವಿಗೆ ನೂರಕ್ಕೆ ನಾಲ್ಕು ಪಾಲಿನಷ್ಟು ಅಲ್ಯೂಮಿನಿಯಂ, ಚಿಟಿಕೆ ಮೆಗ್ನೀಸಿಯಂ, ಕೆಲವು ಬಗೆಗಳಲ್ಲಿ ತಾಮ್ರ ಬೆರೆಸಿದ ಮಿಶ್ರಲೋಹಕ್ಕೆ ಜಾಮಕ್ ಎಂದು ಹೆಸರು. ಅದು 400 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖಕ್ಕೇ ಕರಗುತ್ತದೆ. ಕರಗಿದ್ದನ್ನು ಉಕ್ಕಿನ ಎರಡು ಹೋಳಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸುತ್ತಾರೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಗಟ್ಟಿಯಾಗುತ್ತದೆ, ಅಚ್ಚು ಬಿಚ್ಚಿಕೊಳ್ಳುತ್ತದೆ, ಸೂಜಿಗಳು ಒಳಗಿನಿಂದ ತಳ್ಳಿ ಈಚೆಗೆ ಹಾಕುತ್ತವೆ. ಯಾವುದಾದರೂ ಡೈಕಾಸ್ಟ್ ಕಾರಿನ ತಳವನ್ನು ಬಿಚ್ಚಿ ನೋಡಿ, ಒಳಗಡೆ ದುಂಡನೆಯ ಸಣ್ಣ ಗುರುತುಗಳಿರುತ್ತವೆ. ಆ ಸೂಜಿಗಳು ಮುಟ್ಟಿದ ಜಾಗ ಅದು.

ಕಾರ್ಖಾನೆಯ ಡೈಕಾಸ್ಟ್ ಎಷ್ಟೇ ಚೆಂದವಿದ್ದರೂ ಒಂದು ಗಡಿ ದಾಟಲಾರದು. ನಿಜವಾದ ಕಾರಿನ ಬಾಗಿಲ ಸಂದು ಸುಮಾರು 4 ಮಿಲಿಮೀಟರ್. ಅದನ್ನು 64ರಿಂದ ಭಾಗಿಸಿದರೆ ಕೂದಲೆಳೆಯಷ್ಟು. ತೆರೆದು ಮುಚ್ಚುವ ಬಾಗಿಲನ್ನು ಅಷ್ಟು ಬಿಗಿಯಾಗಿ ಕೂರಿಸಲು ಆಗುವುದಿಲ್ಲ. ಮಾಡೆಲ್ಲಿನಲ್ಲಿ ಸಂದು 0.3 ಮಿಲಿಮೀಟರ್ ಉಳಿದರೂ ನಿಜದಲ್ಲಿ ಅದು ಎರಡು ಸೆಂಟಿಮೀಟರ್ ಸಂದಿನ ಬಾಗಿಲು, ಬೆರಳು ತೂರಿಸಬಹುದು! ಆದ್ದರಿಂದಲೇ ಬಾಗಿಲು ತೆರೆಯದ, ಗೆರೆ ಮಾತ್ರ ಕೊರೆದ ಮಾಡೆಲ್ ಎಷ್ಟೋ ಸಲ ಹೆಚ್ಚು ನಿಜವಾಗಿರುತ್ತದೆ. ಕೊಳ್ಳುವವರು ‘ಡೋರ್ ಓಪನ್ ಆಗುತ್ತಾ?’ ಎಂದು ಮೊದಲು ಕೇಳುತ್ತಾರೆ. ಬಾಗಿಲು ಮುಚ್ಚಿದಾಗ ಹೇಗೆ ಕಾಣುತ್ತದೆ ಎಂದು ಮೊದಲು ನೋಡಿ ಎನ್ನುವುದು ನನ್ನ ಸಲಹೆ.

ಬಣ್ಣಕ್ಕೂ ಇದೇ ಲೆಕ್ಕ. ಹತ್ತನೇ ಒಂದು ಮಿಲಿಮೀಟರ್ ದಪ್ಪದ ಬಣ್ಣ ಮಾಮೂಲಿ ಕಾರಿನ ಮೇಲೆ ಸರಿ. ಅಷ್ಟೇ ದಪ್ಪವನ್ನು 1:24ರ ಲಾರಿಗೆ ಬಳಿದರೆ ಅದು ಎರಡೂವರೆ ಮಿಲಿಮೀಟರ್ ಗಾರೆ ಮೆತ್ತಿದ ಹಾಗೆ. ಮೊಳೆಯ ತಲೆ, ತಗಡಿನ ಅಂಚು ಎಲ್ಲ ಮುಚ್ಚಿಹೋಗುತ್ತದೆ. ಹಾಗಾಗಿ ಏರ್‌ಬ್ರಷ್‌ನಲ್ಲಿ ಮಂಜು ಹಾಯಿಸಿದಂತೆ ಮೂರು ನಾಲ್ಕು ಸಲ ತೆಳ್ಳಗೆ ಹೊಡೆಯಬೇಕು, ನಡುನಡುವೆ ಒಣಗಲು ಬಿಡಬೇಕು. ಜಾಡಿಯಿಂದ ತೆಗೆದ ಬಣ್ಣವನ್ನು ಹಾಗೇ ಹೊಡೆಯುವುದೂ ಸಲ್ಲದು. ದೂರದಲ್ಲಿರುವ ಬೆಟ್ಟ ತಿಳಿನೀಲಿಯಾಗಿ ಕಾಣುವಂತೆ ದೂರದ ವಸ್ತುವಿನ ಬಣ್ಣ ಮಂಕಾಗುತ್ತದೆ. ಮಾಡೆಲ್ ಎಂದರೆ ದೂರದಲ್ಲಿ ನಿಂತ ಲಾರಿಯನ್ನು ನೋಡಿದ ಹಾಗೆ. ಸ್ವಲ್ಪ ಬಿಳಿ ಬೆರೆಸಿದರೆ ಮಾತ್ರ ಕಣ್ಣು ಒಪ್ಪುತ್ತದೆ.

ತೂಕದ ವಿಷಯ ಇನ್ನೂ ಸೋಜಿಗದ್ದು. ಉದ್ದ 24 ಪಾಲು ಕಡಿಮೆಯಾದರೆ ಗಾತ್ರ 24ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 13,824 ಪಾಲು ಕಡಿಮೆಯಾಗುತ್ತದೆ. 5 ಟನ್ ತೂಗುವ ಖಾಲಿ ಲಾರಿಯನ್ನು ಅದೇ ಉಕ್ಕು, ಅದೇ ಮರದಲ್ಲಿ ಕುಗ್ಗಿಸಿದರೆ 360 ಗ್ರಾಂ ಆಸುಪಾಸು ಬರುತ್ತದೆ. ಅರ್ಧ ಕಿಲೋ ಸಕ್ಕರೆಗಿಂತ ಹಗುರ. ಅದಕ್ಕೇ ಮಾಡೆಲ್ಲಿನ ಕಮಾನು ಪಟ್ಟಿಯನ್ನು ನಿಜದಷ್ಟೇ ಬಾಗಿಸಿ ಮಾಡಿದರೂ ಲಾರಿ ಭಾರಕ್ಕೆ ಕುಸಿಯುವುದಿಲ್ಲ, ಕಟ್ಟಿಗೆಯಂತೆ ನಿಂತುಬಿಡುತ್ತದೆ. ಲೋಡಾದ ಲಾರಿ ಮಾಡುವವರು ಪಟ್ಟಿಯನ್ನು ಮೊದಲೇ ಚಪ್ಪಟೆ ಮಾಡಿ ಅಂಟಿಸಬೇಕು.

ಹಳೆಯ ಡೈಕಾಸ್ಟುಗಳಿಗೆ ಬರುವ ರೋಗವೊಂದನ್ನು ಹೇಳದೆ ಮುಂದೆ ಹೋಗಲಾರೆ. ಸಂಗ್ರಾಹಕರು ಜಿಂಕ್ ಪೆಸ್ಟ್ ಎನ್ನುತ್ತಾರೆ, ನಾನು ಸತುವಿನ ಗೆದ್ದಲು ಎನ್ನುತ್ತೇನೆ. ಹುಳು ಮಾತ್ರ ಇಲ್ಲ. ಎರಕದ ಸತುವಿನಲ್ಲಿ ಸೀಸದ ಕಲಬೆರಕೆ ಇದ್ದರೆ, ಗಾಳಿಯ ತೇವ ಸೇರಿ, ಲೋಹದ ಹರಳುಗಳ ನಡುವಿನ ಗಡಿಯಲ್ಲಿ ತುಕ್ಕು ಶುರುವಾಗುತ್ತದೆ. ಲೋಹ ಒಳಗಿಂದೊಳಗೇ ಉಬ್ಬುತ್ತದೆ. ಮೊದಲು ಬಣ್ಣದಲ್ಲಿ ಗುಳ್ಳೆ, ಆಮೇಲೆ ಕೂದಲಿನಂಥ ಬಿರುಕು, ಕಡೆಗೆ ಒಣಗಿದ ಬಿಸ್ಕತ್ತಿನ ಹಾಗೆ ಪುಡಿ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಡಿಂಕಿಗಳಲ್ಲಿ ಇದು ಹೆಚ್ಚು. ನಾನು ಆಸೆಪಟ್ಟು ಕೊಂಡ ಆ ಕಾಲದ ಒಂದು ವ್ಯಾನು ನಮ್ಮ ಮನೆಯಲ್ಲಿ ಎರಡು ಮಳೆಗಾಲ ಕಂಡಿತು. ಮೂರನೆಯದರಲ್ಲಿ ಅದರ ಚಾವಣಿ ಅಡ್ಡಕ್ಕೆ ಸೀಳಿತು. ಮಾರಿದವರ ತಪ್ಪಲ್ಲ, ಹೊರಗಿನಿಂದ ಯಾರಿಗೂ ಕಾಣದ ದೋಷ ಅದು. ಇದಕ್ಕೆ ಮದ್ದಿಲ್ಲ, ಒಣ ಜಾಗದಲ್ಲಿ, ಬಿಸಿಲು ಬೀಳದ ಕಡೆ, ಒಂದೇ ಹದದ ಹವೆಯಲ್ಲಿ ಇಟ್ಟು ರೋಗವನ್ನು ಮುಂದೂಡಬಹುದು ಅಷ್ಟೆ. ಮಂಗಳೂರು, ಕಾರವಾರದ ಕಡೆಯವರು ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುವುದನ್ನು ಮರೆಯಬಾರದು. ಪ್ಲಾಸ್ಟಿಕ್ ಕಿಟ್ ಇರುವವರಿಗೂ ಒಂದು ಮಾತು: ಮೆತ್ತನೆಯ ವಿನೈಲ್ ಟೈರಿನಿಂದ ಒಸರುವ ಎಣ್ಣೆಯಂಥ ಅಂಶ ಪ್ಲಾಸ್ಟಿಕ್ ರಿಮ್ಮನ್ನು ಕಾಲಕ್ರಮೇಣ ಕರಗಿಸುತ್ತದೆ. ಟೈರು ಹಾಕುವ ಮೊದಲು ರಿಮ್ಮಿಗೆ ಬಣ್ಣದ ತಡೆ ಇರಲಿ.

ನಮ್ಮ ದೇಶಕ್ಕೂ ಈ ಅಚ್ಚುಗಳು ಬಂದವು. ಡಿಂಕಿಯ ಹಳೆಯ ಅಚ್ಚುಗಳಲ್ಲಿ ಇಲ್ಲಿ ಎರಕ ಹೊಯ್ದ ಕಾರುಗಳು ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಕಲ್ಕತ್ತೆಯ ‘ಮಿಲ್ಟನ್’ ಕಂಪನಿ ‘ಕಾರ್ಗಿ’ ಎಂಬ ಇನ್ನೊಂದು ಆಟಿಕೆ ಕಂಪನಿಯ ವಿನ್ಯಾಸಗಳನ್ನು ಮಾಡಿತು. 1980ರ ದಶಕದಲ್ಲಿ ‘ಲಿಯೊ’ ಹೆಸರಿನಡಿ ಹಾಟ್ ವೀಲ್ಸ್ ಕಾರುಗಳು ಇಲ್ಲೇ ತಯಾರಾದವು. ಆಗ ಮಕ್ಕಳು ಮಣ್ಣಿನಲ್ಲಿ ಹೂತು ಆಡಿದ ಆ ಲಿಯೊ ಕಾರುಗಳನ್ನು ಇವತ್ತು ಹೊರದೇಶದ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಇಲ್ಲಿನ ಬಣ್ಣ, ಇಲ್ಲಿನ ಸ್ಟಿಕ್ಕರು ಬೇರೆಲ್ಲೂ ಇಲ್ಲದಿರುವುದೇ ಕಾರಣ. ನಮ್ಮ ಅಂಬಾಸಿಡರ್, ಆಟೊ, ಲಾರಿಗಳನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿ ಜಾತ್ರೆ ಅಂಗಡಿಯವರೆಗೂ ತಲುಪಿಸಿದ್ದು ‘ಸೆಂಟಿ’. ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಆ ಸೆಂಟಿ ಲಾರಿಯನ್ನೇ ಬಿಚ್ಚಿ, ತಿದ್ದಿ, ಬಣ್ಣ ಬದಲಿಸಿ ಮಾಡೆಲ್ ಮಾಡುವುದರಿಂದಲೇ ನಮ್ಮಲ್ಲಿ ಅನೇಕರು ಶುರು ಮಾಡುವುದು. ನಾನು ಶುರು ಮಾಡಿದ್ದೂ ಹಾಗೆಯೇ.

ಈಗಿನ ಹುಡುಗರಿಗೆ ಸಂಗ್ರಹ ಎಂದರೆ ಹಾಟ್ ವೀಲ್ಸ್. 1968ರಲ್ಲಿ ಅಮೆರಿಕದ ಮ್ಯಾಟೆಲ್ 16 ಕಾರುಗಳಿಂದ ಶುರು ಮಾಡಿತು. ಸಪೂರ ತಂತಿಯ ಅಚ್ಚು, ಉಜ್ಜುವಿಕೆ ಕಡಿಮೆ ಇರುವ ಚಕ್ರ. ಮ್ಯಾಚ್‌ಬಾಕ್ಸ್ ಕಾರು ಉರುಳುತ್ತಿತ್ತು, ಇದು ಹಾರಿತು. ಲೆಸ್ನಿ 1982ರಲ್ಲಿ ದಿವಾಳಿಯಾಯಿತು; ಮ್ಯಾಚ್‌ಬಾಕ್ಸ್ ಕೈಯಿಂದ ಕೈ ಬದಲಾಗಿ, ಕಡೆಗೆ 1997ರಲ್ಲಿ ಅದೇ ಮ್ಯಾಟೆಲ್ ಮಡಿಲಿಗೆ ಬಿತ್ತು. ಹಾಟ್ ವೀಲ್ಸ್‌ನವರು 1995ರಿಂದ ‘ಟ್ರೆಷರ್ ಹಂಟ್’ ಎಂಬ ಅಪರೂಪದ ಕಾರುಗಳನ್ನು ಮಾಮೂಲಿ ಪೆಟ್ಟಿಗೆಗಳ ನಡುವೆ ಸೇರಿಸಿ ಕಳಿಸುತ್ತಾರೆ. ಅದಕ್ಕಾಗಿ ಅಂಗಡಿ ತೆರೆಯುವ ಮುಂಚೆ ಸಾಲು ನಿಲ್ಲುವವರಿದ್ದಾರೆ, ಇಡೀ ಪೆಟ್ಟಿಗೆ ಎತ್ತಿ ಮೂರು ಪಟ್ಟು ಬೆಲೆಗೆ ಮಾರುವವರೂ ಇದ್ದಾರೆ. ಈ ಎರಡನೆಯದು ನನಗೆ ನೋವು ಕೊಡುತ್ತದೆ. ಸ್ವಂತ ಪಾಕೆಟ್ ಮನಿ ಹಿಡಿದು ಬಂದ ಮಗು ಖಾಲಿ ಕೊಂಡಿ ನೋಡಿ ಹಿಂದಿರುಗುವುದನ್ನು ಕಣ್ಣಾರೆ ಕಂಡಿದ್ದೇನೆ. ಕಾರ್ಡು ಹರಿಯದೆ ಗೋಡೆಗೆ ನೇತುಹಾಕುವವರ ಬಗ್ಗೆ ನನಗೆ ತಕರಾರಿಲ್ಲ. ನಾನು ಮಾತ್ರ ಬಿಚ್ಚುತ್ತೇನೆ. ತಿರುಗಿಸಿ ತಳ ನೋಡದಿದ್ದರೆ ಅದನ್ನು ಕೊಂಡದ್ದೇ ಯಾಕೆ?

ಇಷ್ಟೆಲ್ಲ ಸಿಗುವಾಗ ಗುಜರಿ ಅಂಗಳದಲ್ಲಿ ಟೇಪು ಹಿಡಿದು ಕೂರುವುದೇಕೆ? ನಾನು ಈ ಅಂಕಣ ಬರೆಯಲು ಕೂತದ್ದೇ ಇದಕ್ಕೆ ಉತ್ತರ ಹೇಳಲು.

ಪೋರ್ಷೆ ಕಾರಿಗೆ ನಕ್ಷೆ ಇದೆ. ನಕ್ಷೆ ಸಾಲದಿದ್ದರೆ ಕಾರೇ ಇದೆ. ಜಪಾನಿನ ಶಿಜುವೊಕಾದ ತಾಮಿಯಾ ಕಂಪನಿ 1976ರಲ್ಲಿ ಪೋರ್ಷೆ 934ರ ಮಾಡೆಲ್ ತರುವ ಮುನ್ನ, ಕಂಪನಿಯ ಶುನ್ಸಾಕು ತಾಮಿಯಾ ಒಂದು ಪೋರ್ಷೆ 911 ಕಾರನ್ನೇ ಕೊಂಡು, ಅಳೆಯಲೆಂದು ಬಿಚ್ಚಿಹಾಕಿದ. ಮತ್ತೆ ಜೋಡಿಸಲು ಪೋರ್ಷೆ ಕಡೆಯ ಮೆಕ್ಯಾನಿಕ್‌ಗಳೇ ಬರಬೇಕಾಯಿತು. ಅಷ್ಟು ಶ್ರದ್ಧೆ ಇದ್ದವರು ಅಳೆದದ್ದು, ಅಳೆಯದಿದ್ದರೂ ಉಳಿಯುತ್ತಿದ್ದ ಕಾರನ್ನು. ನಮ್ಮ ಲಾರಿಯ ಕಥೆ ಹಾಗಲ್ಲ. 1954ರಿಂದ ಜಮ್‌ಶೆಡ್‌ಪುರದಲ್ಲಿ ಟಾಟಾ ಮತ್ತು ಮರ್ಸಿಡಿಸ್-ಬೆಂಜ್ ಜೊತೆಯಾಗಿ ಲಾರಿ ಕಟ್ಟಿದರು. 1969ರಲ್ಲಿ ಒಪ್ಪಂದ ಮುಗಿದು ಮುಖದ ಮೇಲಿನ ನಕ್ಷತ್ರದ ಜಾಗಕ್ಕೆ ಟಾಟಾದ ಅಕ್ಷರ ಬಂತು. ಕಾರ್ಖಾನೆಯಿಂದ ಹೊರಬರುತ್ತಿದ್ದುದು ಹೆಚ್ಚಿನಂಶ ಕೌಲ್ ಎಂಬ ಅರೆಬರೆ ಬಂಡಿ: ಚಾಸಿ, ಚಕ್ರ, ಇಂಜಿನ್ನು, ಬಾನೆಟ್ಟು, ಸ್ಟೀರಿಂಗು. ಬಾಗಿಲಿಲ್ಲ, ಚಾವಣಿಯಿಲ್ಲ. ಡ್ರೈವರು ತಲೆಗೆ ಟವೆಲ್ ಸುತ್ತಿ, ಹಲಗೆಯೊಂದರ ಮೇಲೆ ಕೂತು ಅದನ್ನು ಊರಿನವರೆಗೆ ಓಡಿಸಿ ತರುತ್ತಿದ್ದ. ಅಂಥ ಬೋಳು ಚಾಸಿಗಳ ಸಾಲು ಹೆದ್ದಾರಿಯಲ್ಲಿ ಹೋಗುವುದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೇವೆ.

ಉಳಿದದ್ದನ್ನು ಕಟ್ಟುತ್ತಿದ್ದವನು ಬಾಡಿ ಬಿಲ್ಡರ್. ಬಡಗಿ, ತಗಡಿನವನು, ಕಮ್ಮಾರ, ಪೇಂಟರು, ಟಾರ್ಪಾಲಿನ್ ಹೊಲಿಯುವವನು. ಕಾಗದದ ಮೇಲೆ ನಕ್ಷೆ ಇರಲಿಲ್ಲ. ಮಾಲೀಕ ಬಂದು ‘ನಮ್ಮದು ಈರುಳ್ಳಿ ಲೋಡು, ಸೈಡ್ ಎತ್ತರ ಇರಲಿ’ ಎನ್ನುತ್ತಿದ್ದ. ಕಲ್ಲು ಸಾಗಿಸುವವನಾದರೆ ಗಿಡ್ಡ, ದಪ್ಪ ಹಲಗೆ. ಕ್ಯಾಬಿನ್ನಿನ ಹಣೆ ಎಷ್ಟು ಮುಂದೆ ಚಾಚಬೇಕು, ಮಲಗುವ ಹಲಗೆ ಎಷ್ಟು ಅಗಲ, ದೇವರ ಪಟದ ಗೂಡು ಎಲ್ಲಿ, ಎಲ್ಲವೂ ಬಡಗಿಯ ಕಣ್ಣಳತೆ. ಹೀಗಾಗಿ ರಾಜ್ಯದಿಂದ ರಾಜ್ಯಕ್ಕೆ ಮಾತ್ರವಲ್ಲ, ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೂ ಲಾರಿಯ ಮುಖ ಬೇರೆ. ಆ ಬೆಂಜ್ ಲಾರಿಯ ಜರ್ಮನ್ ರೂಪ ಪುಟ್ಟ ಮಾಡೆಲ್ಲಾಗಿ ಇವತ್ತಿಗೂ ಸಿಗುತ್ತದೆ. ಅದೇ ಬಾನೆಟ್ಟಿನ ಹಿಂದೆ ನಮ್ಮ ಬಡಗಿ ಕಟ್ಟಿದ ಕ್ಯಾಬಿನ್ನು ಯಾವ ಕಂಪನಿಯ ಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಚ್ಚು ಮಾಡಲು ‘ಒಂದು’ ಲಾರಿ ಎಂಬುದು ಇದ್ದರಲ್ಲವೇ?

ಇಂದಿನ ಲಾರಿಗಳಲ್ಲಿ ಕಾರ್ಖಾನೆಯ ಉಕ್ಕಿನ ಕ್ಯಾಬಿನ್ನೇ ಹೆಚ್ಚು. ಡ್ರೈವರಿನ ಬೆನ್ನಿಗೆ, ಪ್ರಾಣಕ್ಕೆ ಅದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಹಳೆಯವು ಮಾತ್ರ ಭರದಿಂದ ಕರಗುತ್ತಿವೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುತ್ತಿದೆ, ಸಾರಿಗೆ ನಿಗಮದ ಬಸ್ಸುಗಳೂ ಇದರಲ್ಲಿ ಸೇರಿವೆ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಹೊಳೆಯುವಂತೆ ಕಾಪಾಡಿದ್ದಾರೆ, ಹೋದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಹರಿಯಾಣದ ತಾವಡೂವಿನ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂನಲ್ಲಿ ಲಾರಿಗೂ ಸೂರು ಸಿಕ್ಕಿದೆ. ನಮ್ಮ ಅಡಿಕೆ, ಈರುಳ್ಳಿ, ಮ್ಯಾಂಗನೀಸ್ ಹೊತ್ತ ಮರದ ಕ್ಯಾಬಿನ್ನಿನ ಲಾರಿಗೆ ಕರ್ನಾಟಕದಲ್ಲಿ ಅಂಥ ಸೂರನ್ನು ನಾನು ಕಂಡಿಲ್ಲ. ಅದರ ಅಳತೆ ಉಳಿದರೆ ಮಾಡೆಲ್ ಮಾಡುವವನ ನೋಟ್‌ಬುಕ್ಕಿನಲ್ಲಿ ಉಳಿಯಬೇಕು.

ನನ್ನ ಮೊದಲ ಲಾರಿಯನ್ನು ಅಳೆಯದೆ, ಒಂದು ಫೋಟೊ ನೋಡಿ ಮಾಡಿದ್ದೆ. ಎರಡು ತಿಂಗಳ ಕೆಲಸ. ಮುಗಿದಾಗ ಏನೋ ಸರಿಯಿಲ್ಲ ಅನ್ನಿಸಿತು. ತಲೆ ದೊಡ್ಡದು, ಮೈ ಕುಳ್ಳು. ಫೋಟೊ ತೆಗೆದವರು ಲಾರಿಯ ಮುಂದೆ ಹತ್ತಿರ ನಿಂತಿದ್ದರು. ಹತ್ತಿರದ್ದು ಹಿಗ್ಗಿ, ದೂರದ್ದು ಕುಗ್ಗಿ ಕಾಣುವ ಕ್ಯಾಮೆರಾದ ಗುಣವನ್ನು ನಾನು ಹಾಗೇ ಪ್ಲಾಸ್ಟಿಕ್ಕಿಗೆ ಇಳಿಸಿಬಿಟ್ಟಿದ್ದೆ. ಅಂದಿನಿಂದ ನಿಯಮ ಮಾಡಿಕೊಂಡೆ. ಫೋಟೊ ಬಣ್ಣಕ್ಕೆ, ಅಳತೆಗೆ ಟೇಪು. ಟೇಪಿಗೆ ಸಿಗದ ಎತ್ತರವಿದ್ದರೆ ಪಕ್ಕದಲ್ಲಿ ಅಡಿ ಗುರುತು ಹಾಕಿದ ಕೋಲನ್ನು ನಿಲ್ಲಿಸಿ, ದೂರ ಸರಿದು ನೇರವಾಗಿ ಫೋಟೊ ತೆಗೆಯುವುದು.

ಚಿತ್ರದುರ್ಗದ ಲಾರಿಗೆ ಏಳು ತಿಂಗಳು ಹಿಡಿಯಿತು. ಚಾಸಿಗೆ ಸ್ಟೈರೀನ್ ಹಾಳೆ, ಕ್ಯಾಬಿನ್ನಿಗೆ ನಿಜವಾಗಿಯೂ ಮರ. ಐಸ್‌ಕ್ರೀಂ ಕಡ್ಡಿಯನ್ನು ಉಜ್ಜಿ ಮುಕ್ಕಾಲು ಮಿಲಿಮೀಟರಿಗೆ ತಂದರೆ ಮುಕ್ಕಾಲು ಇಂಚಿನ ಹಲಗೆಯ ಲೆಕ್ಕಕ್ಕೆ ಹತ್ತಿರ ಬರುತ್ತದೆ. ತಗಡಿಗೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ. ಮೊಳೆಯ ತಲೆಗಳನ್ನು ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒಂದೊಂದಾಗಿ ಒತ್ತಿದೆ, ಒಂದು ಬಾಗಿಲಿಗೆ 62. ಆ ಕ್ಯಾಬಿನ್ನು ಕಟ್ಟಿದವನು ಹೊಡೆದ ಮೊಳೆಗಳು ಒಂದೇ ಸಾಲಿನಲ್ಲಿರಲಿಲ್ಲ, ಕೆಳಗಿನ ಮೂಲೆಯಲ್ಲಿ ಎರಡು ಹೆಚ್ಚು ಇದ್ದವು, ನಾನೂ ಹಾಗೇ ಬಿಟ್ಟೆ. 9.00-20 ಟೈರಿನ ಅಡ್ಡಳತೆ ಸುಮಾರು 40 ಇಂಚು. 42 ಮಿಲಿಮೀಟರಿನ ಟೈರು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬೆಂಗಳೂರಿನ ಗೆಳೆಯರೊಬ್ಬರು ತ್ರೀಡಿ ಪ್ರಿಂಟರಿನಲ್ಲಿ ಒಂದು ಅಚ್ಚು ತೆಗೆದುಕೊಟ್ಟರು, ಅದರಿಂದ ರಬ್ಬರಿನಲ್ಲಿ ಏಳು ಎರಕ ಹೊಯ್ದೆ, ಸ್ಟೆಪ್ನಿ ಸೇರಿ. ಪ್ರಿಂಟರು ಬಂದಮೇಲೆ ಕೈಕೆಲಸ ಸತ್ತಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಫೋಮ್ ಶೀಟು ಕತ್ತರಿಸಿ ಖಾಸಗಿ ಬಸ್ಸುಗಳನ್ನು ಸೀಟಿನ ಹೊಲಿಗೆಯ ಸಮೇತ ಮಾಡುವ ಹುಡುಗರಿದ್ದಾರೆ. ಅವರೂ ಈಗ ಗ್ರಿಲ್ಲನ್ನು ಪ್ರಿಂಟ್ ಮಾಡುತ್ತಾರೆ. ಅಳೆದದ್ದು ಸರಿ ಇದ್ದರೆ ಯಾವ ದಾರಿಯಾದರೂ ಸರಿ.

ಮುಗಿದ ಲಾರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಒಂದು ಕಾಲಕ್ಕೆ ಬಾಡಿ ಕಟ್ಟುತ್ತಿದ್ದ ಹಿರಿಯ ಬಡಗಿಯೊಬ್ಬರ ಮನೆಗೆ ಹೋದೆ. ಈಗ ಅವರು ಕೆಲಸ ಬಿಟ್ಟಿದ್ದಾರೆ, ಕಣ್ಣಿಗೆ ಆಪರೇಷನ್ ಆಗಿದೆ. ಜಗಲಿಯಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡರು. ನವಿಲನ್ನು ನೋಡಲಿಲ್ಲ, ಬಳ್ಳಿಯನ್ನು ನೋಡಲಿಲ್ಲ. ಮಗುವನ್ನು ಬೋರಲು ಮಲಗಿಸುವ ಹಾಗೆ ಮೆಲ್ಲಗೆ ತಿರುಗಿಸಿ, ತಳಕ್ಕೆ ಬೆರಳು ಹಾಯಿಸಿದರು. ಅಡ್ಡಪಟ್ಟಿಗಳನ್ನು ಎಣಿಸಿದರು. ಚಾಸಿಯ ಮೇಲೆ ಉದ್ದಕ್ಕೆ ಕೂರಿಸಿದ್ದ ಮರದ ಪಟ್ಟಿಯನ್ನು ಉಗುರಿನಿಂದ ಮೀಟಿ ನೋಡಿದರು. ಆಮೇಲೆ ಕೇಳಿದರು: ‘ಯೂ ಬೋಲ್ಟ್ ಎಲ್ಲಿ?’

ಮರದ ಬಾಡಿಯನ್ನು ಚಾಸಿಗೆ ಕಟ್ಟುವುದು ಆ ಬೋಲ್ಟುಗಳು. ಚಾಸಿಗೆ ತೂತು ಕೊರೆದರೆ ಅದರ ಬಲ ಕುಂದುತ್ತದೆ, ಅದಕ್ಕೆ ಕಬ್ಬಿಣದ ಸಲಾಕೆಯನ್ನು ಯೂ ಆಕಾರಕ್ಕೆ ಬಗ್ಗಿಸಿ ಎರಡನ್ನೂ ಸೇರಿಸಿ ತಬ್ಬಿಸಿ, ನಟ್ಟು ಬಿಗಿಯುತ್ತಾರೆ. ಗುಜರಿಯವರು ಅವನ್ನು ಮೊದಲೇ ಬಿಚ್ಚಿಟ್ಟಿದ್ದರು. ನನ್ನ ನೋಟ್‌ಬುಕ್ಕಿನ ಹನ್ನೊಂದು ಪುಟದಲ್ಲಿ ಅವು ಇರಲಿಲ್ಲ. ‘ಇದು ಮೊದಲ ಬ್ರೇಕಿಗೇ ಜಾರುತ್ತೆ’ ಎಂದು ಲಾರಿಯನ್ನು ನನ್ನ ಕೈಗೆ ಕೊಟ್ಟರು. ಬದಿಗೆ ಎಷ್ಟು, ಎಷ್ಟು ಅಂತರಕ್ಕೆ, ನಟ್ಟು ಮೇಲೆ ಬರುತ್ತದೋ ಕೆಳಗೆ ಬರುತ್ತದೋ, ಕೇಳಿ ಕೇಳಿ ಬರೆದುಕೊಂಡೆ. ಬದಿಗೆ ನಾಲ್ಕು, ಒಟ್ಟು ಎಂಟು. ಸಲಾಕೆ 16 ಮಿಲಿಮೀಟರ್ ದಪ್ಪದ್ದು.

ಹದಿನಾರನ್ನು 24ರಿಂದ ಭಾಗಿಸಿದರೆ 0.67. ಅಂಗಡಿಯಲ್ಲಿ ಸಿಗುವ 22 ಗೇಜಿನ ತಾಮ್ರದ ತಂತಿ 0.71, ಅದಕ್ಕಿಂತ ಹತ್ತಿರದ್ದು ಸಿಗಲಿಲ್ಲ. ಮೇಜಿನ ಮೇಲೆ ಆರು ಬಗ್ಗಿಸಿಟ್ಟಿದ್ದೇನೆ, ಇನ್ನೆರಡು ಬಾಕಿ.